ಹೊಗೆಸೊಪ್ಪಿನ ಐವತ್ತು ವರ್ಷಗಳ ಲೆಕ್ಕ

ಅರಸೀಕೆರೆಯ ಸಮೀಪದಲ್ಲಿರುವ ಮಾಲೇಕಲ್ಲು ತಿರುಪತಿಯ ಬೆಟ್ಟವನ್ನು ಜನ ಹತ್ತುವುದು ವೆಂಕಟರಮಣಸ್ವಾಮಿಯ ದರ್ಶನಕ್ಕಾಗಿ. ಆದರೆ ಅಲ್ಲಿಯ ಮೆಟ್ಟಿಲುಗಳು ಯಾರ ಅಪ್ಪಣೆಯನ್ನೂ ಕೇಳದೆ ಇನ್ನೊಂದು ಕೆಲಸವನ್ನೂ ಮಾಡಿಬಿಡುತ್ತವೆ. ಹತ್ತುವವನ ಶ್ವಾಸಕೋಶದ ಬಲಾಬಲವನ್ನು ಅಳೆದು, ಸುತ್ತಲಿನವರೆಲ್ಲರ ಎದುರಿನಲ್ಲಿ ಹೇಳಿಬಿಡುತ್ತವೆ. ಆಷಾಢದ ಜಾತ್ರೆಯ ಕಾಲದಲ್ಲಿ ಬೆಟ್ಟದ ನಡುವೆ ಒಂದು ಕಡೆ ನಿಂತು ನೋಡಿದರೆ ಸಾಕು. ಎಪ್ಪತ್ತು ದಾಟಿದ ರೈತನೊಬ್ಬ ಮೊಮ್ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಗೋವಿಂದಾ ಎನ್ನುತ್ತ ಮುಂದೆ ಸಾಗುತ್ತಾನೆ. ನಲವತ್ತೈದರ ಗುಮಾಸ್ತನೊಬ್ಬ ಬಂಡೆಗೆ ಒರಗಿ, ಎದೆಯ ಮೇಲೆ ಕೈಯಿಟ್ಟು, ಹೆಂಡತಿಗೆ ‘ನೀವು ನಡೆಯಿರಿ, ಬಂದೆ’ ಎಂದು ಸನ್ನೆ ಮಾಡುತ್ತಾನೆ. ಅವನ ಅಂಗಿಯ ಜೇಬಿನಲ್ಲಿ ಸಿಗರೇಟಿನ ಪೊಟ್ಟಣವಿದ್ದೇ ತೀರಬೇಕೆಂದು ಹೇಳಲಾಗದು. ಆದರೆ ಇದ್ದಲ್ಲಿ ಆಶ್ಚರ್ಯಪಡುವವರು ಯಾರೂ ಇಲ್ಲ.

ಅದೇ ಮೆಟ್ಟಿಲಿನ ಮಗ್ಗುಲಲ್ಲಿ ದಣಿವಾರಿಸಿಕೊಳ್ಳುತ್ತ ಕುಳಿತ ಮುದುಕಿಯರೂ ಕಾಣಸಿಗುತ್ತಾರೆ. ಸೊಂಟದ ಸಂಚಿಯನ್ನು ಬಿಚ್ಚಿ, ಎಲೆಯ ತೊಟ್ಟು ಮುರಿದು, ಬೆನ್ನಿಗೆ ಸುಣ್ಣ ಸವರಿ, ಅಡಿಕೆಯ ಹೋಳಿನೊಂದಿಗೆ ಚಿಟಿಕೆ ಹೊಗೆಸೊಪ್ಪನ್ನಿಟ್ಟು ಮಡಿಸಿ ದವಡೆಗೆ ಒತ್ತರಿಸುವ ಆ ಕ್ರಮದಲ್ಲಿ ಒಂದು ನೆಮ್ಮದಿಯಿದೆ. ಅದನ್ನು ತಪ್ಪೆಂದು ಯಾರಾದರೂ ಹೇಳಹೊರಟರೆ ಬರುವ ಉತ್ತರವೂ ನಮಗೆಲ್ಲ ಬಾಯಿಪಾಠ: ‘ನಮ್ಮಜ್ಜ ತೊಂಬತ್ತು ವರ್ಷ ಬದುಕಿದ್ದ, ಸಾಯುವ ದಿನದವರೆಗೂ ಬೀಡಿ ಬಿಡಲಿಲ್ಲ. ಅವನಿಗೇನಾಯಿತು?’

ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ಹಾವು ಕಚ್ಚಿದವನು ಅಂದೇ ಸತ್ತರೆ ಕಾರಣವನ್ನು ಹುಡುಕಲು ಪಂಡಿತರು ಬೇಕಿಲ್ಲ. ಹೊಗೆಸೊಪ್ಪಿನ ರೀತಿಯೇ ಬೇರೆ. ಇಪ್ಪತ್ತನೆಯ ವಯಸ್ಸಿನಲ್ಲಿ ಹಿಡಿದ ಚಟ ಐವತ್ತನೆಯ ವಯಸ್ಸಿನಲ್ಲಿ ತನ್ನ ಬಾಕಿಯನ್ನು ವಸೂಲು ಮಾಡುತ್ತದೆ. ಮೂವತ್ತು ವರ್ಷಗಳ ಹಿಂದೆ ಸೇದಿದ ಬೀಡಿಯ ಮೇಲೆ ಯಾರು ದೂರು ಹೇಳುತ್ತಾರೆ? ಅಷ್ಟು ದೀರ್ಘಕಾಲದ ಸಂಬಂಧವನ್ನು ಒಬ್ಬ ವೈದ್ಯನ ನೆನಪಾಗಲಿ, ಒಂದು ಮನೆತನದ ಅನುಭವವಾಗಲಿ ಹಿಡಿಯಲಾರದು. ಒಬ್ಬ ಅಜ್ಜನ ಮಾತಿಗೆ ಉತ್ತರ ಕೊಡಬೇಕಾದರೆ ಮೂವತ್ತು ಸಾವಿರ ಅಜ್ಜಂದಿರ ಲೆಕ್ಕವನ್ನು, ಅವರು ತರುಣರಾಗಿದ್ದಾಗಿನಿಂದ ಸಾಯುವವರೆಗೆ, ಬರೆದಿಟ್ಟಿರಬೇಕು. ಅಂಥ ಲೆಕ್ಕವನ್ನು ಕೆಲವರು ಬರೆದಿಟ್ಟರು. ಆ ಕಥೆಯನ್ನು ನಮ್ಮ ಮನೆಗಳಲ್ಲಿ ತಿಳಿದವರು ಕಡಮೆ.

ಮೊದಲು ಒಂದು ಮಾತು. ಹೊಗೆಸೊಪ್ಪು ನಮ್ಮ ಹಿರಿಯರಿಂದ ಬಂದ ಸಂಪ್ರದಾಯವೆಂದು ಭಾವಿಸುವವರಿದ್ದಾರೆ. ತಾಂಬೂಲ ಪ್ರಾಚೀನವೆಂಬುದರಲ್ಲಿ ಸಂಶಯವಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜಭೋಗಗಳ ನಡುವೆ ಅದಕ್ಕೊಂದು ಸ್ಥಾನವಿದೆ. ಆದರೆ ತಂಬಾಕು ಅಮೆರಿಕ ಖಂಡದ ಗಿಡ. ಪೋರ್ಚುಗೀಸರ ಹಡಗುಗಳ ಮೂಲಕ ಅದು ಭಾರತವನ್ನು ಮುಟ್ಟಿದ್ದು ಸೋಮೇಶ್ವರನ ಕಾಲಕ್ಕೆ ನಾಲ್ಕು ಶತಮಾನಗಳಿಗೂ ಈಚೆಗೆ. ಬೇಲೂರು ಹಳೇಬೀಡುಗಳ ಶಿಲ್ಪಿಗಳು ಎಲೆಯಡಿಕೆಯನ್ನು ಬಲ್ಲರು, ಹೊಗೆಸೊಪ್ಪನ್ನು ಕಂಡರಿಯರು. ಹೊಸ ವಸ್ತುವಿಗೆ ಕನ್ನಡಿಗರು ‘ಹೊಗೆಯ ಸೊಪ್ಪು’ ಎಂದು ಕಂಡದ್ದನ್ನು ಕಂಡಂತೆ ಹೆಸರಿಟ್ಟರು. ಹೊಗೆಗೆಂದು ಬಂದ ಸೊಪ್ಪು ಎಲೆಯಡಿಕೆಯ ಜೊತೆ ಸೇರಿಕೊಂಡು, ಹೊಗೆಯೇ ಇಲ್ಲದೆ ಬಾಯಿಯಲ್ಲಿ ಮನೆಮಾಡಿಕೊಂಡಿತು. ಹೆಸರು ಮಾತ್ರ ಹಾಗೆಯೇ ಉಳಿಯಿತು.

ವೈದ್ಯರ ಮೇಲೆಯೇ ಪ್ರಯೋಗ

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಇಂಗ್ಲೆಂಡಿನಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವವರ ಸಂಖ್ಯೆ ಬೆರಗುಗೊಳಿಸುವಷ್ಟು ಏರಿತು. ಕಾರಣವೇನೆಂದು ಹುಡುಕುವ ಹೊಣೆ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಮತ್ತು ರಿಚರ್ಡ್ ಡಾಲ್ ಎಂಬಿಬ್ಬರಿಗೆ ಬಂದಿತು. ಹಿಲ್ ವೈದ್ಯರಲ್ಲ, ಸಂಖ್ಯಾಶಾಸ್ತ್ರಜ್ಞರು. ಮೊದಲನೆಯ ಮಹಾಯುದ್ಧದಲ್ಲಿ ವಿಮಾನ ಚಾಲಕರಾಗಿದ್ದಾಗ ಕ್ಷಯ ತಗುಲಿದ್ದರಿಂದ ವೈದ್ಯ ವಿದ್ಯಾಭ್ಯಾಸದ ಆಸೆಯನ್ನು ಕೈಬಿಟ್ಟು ಅರ್ಥಶಾಸ್ತ್ರ ಓದಿದವರು. ಡಾಲ್ ತರುಣ ವೈದ್ಯರು. ಹೊಸದಾಗಿ ಹಾಕುತ್ತಿದ್ದ ಟಾರು ರಸ್ತೆಗಳು, ಮೋಟಾರು ಗಾಡಿಗಳ ಹೊಗೆ — ಇವುಗಳಲ್ಲೊಂದು ಕಾರಣವಿದ್ದೀತೆಂಬುದು ಅವರ ಆರಂಭದ ಗುಮಾನಿ. ಲಂಡನಿನ ಆಸ್ಪತ್ರೆಗಳಲ್ಲಿದ್ದ ರೋಗಿಗಳನ್ನು ಒಬ್ಬೊಬ್ಬರನ್ನಾಗಿ ಪ್ರಶ್ನಿಸತೊಡಗಿದಾಗ ಬೇರೆಯೇ ಒಂದು ಸಂಗತಿ ತಲೆಯೆತ್ತಿತು. ಶ್ವಾಸಕೋಶದ ಕ್ಯಾನ್ಸರಿನ 649 ಮಂದಿ ಗಂಡಸರಲ್ಲಿ ಎಂದೂ ಸೇದದವರು ಇಬ್ಬರೇ ಇಬ್ಬರು. ಬೇರೆ ಕಾಯಿಲೆಗಳಿಂದ ಬಂದಿದ್ದ ಅಷ್ಟೇ ಮಂದಿಯಲ್ಲಿ 27. ವಿಚಾರಣೆ ಇನ್ನೂ ಮುಗಿಯುವ ಮೊದಲೇ ಡಾಲ್ ತಾವು ಸೇದುವುದನ್ನು ಬಿಟ್ಟರು. ಫಲಿತಾಂಶ 1950ರಲ್ಲಿ ಪ್ರಕಟವಾಯಿತು.

ಜನ ನಂಬಲಿಲ್ಲ. ರೋಗ ಬಂದ ಮೇಲೆ ಹಿಂದಿನದನ್ನು ಕೇಳಿ ಬರೆದುಕೊಂಡ ಲೆಕ್ಕವನ್ನು ಹೇಗೆ ನಂಬುವುದು? ರೋಗಿ ನೆನಪು ತಪ್ಪಿ ಹೇಳಿಯಾನು, ಕೇಳುವವನು ತನಗೆ ಬೇಕಾದುದನ್ನೇ ಕೇಳಿಸಿಕೊಂಡಾನು. ಆಕ್ಷೇಪಣೆ ನ್ಯಾಯವಾದುದೇ. ಆದುದರಿಂದ ಇಬ್ಬರೂ ಲೆಕ್ಕವನ್ನು ತಿರುಗಿಸಿ ಹಿಡಿದರು. ಆರೋಗ್ಯವಾಗಿರುವವರನ್ನೇ ಮೊದಲು ಕೇಳಿ ಬರೆದಿಟ್ಟುಕೊಂಡು, ಮುಂದೆ ಯಾರು ಯಾವಾಗ ಯಾವುದರಿಂದ ಸಾಯುತ್ತಾರೆಂದು ಕಾಯುವುದು. ಕೇಳಲು ಆರಿಸಿಕೊಂಡದ್ದು ಯಾರನ್ನು? ಬ್ರಿಟನ್ನಿನ ವೈದ್ಯರನ್ನೇ. ಅವರ ವಿಳಾಸ ರಿಜಿಸ್ಟರಿನಲ್ಲಿ ಸಿಗುತ್ತದೆ, ಅವರು ಸತ್ತರೆ ಸುದ್ದಿ ತಪ್ಪದು, ಪ್ರಶ್ನೆಗೆ ನೇರ ಉತ್ತರ ಬರೆಯುವ ಅಭ್ಯಾಸವೂ ಅವರಿಗಿದೆ. 1951ರ ಅಕ್ಟೋಬರಿನ ಕೊನೆಗೆ ಚಿಕ್ಕದೊಂದು ಪ್ರಶ್ನಪತ್ರ ಅಂಚೆಯಲ್ಲಿ ಹೊರಟಿತು. ಉತ್ತರ ಬರೆದ ಗಂಡಸರು 34,439. ಹೆಂಗಸರೂ ಬರೆದರು, ಅವರ ಲೆಕ್ಕವನ್ನು ಬೇರೆಯಾಗಿ ಇಡಲಾಯಿತು.

ಕಾಯುವುದು ಬಹಳ ಕಾಲವಾಗಬೇಕಾಗಲಿಲ್ಲ. 1954ರಲ್ಲಿ ಬಂದ ಮೊದಲ ವರದಿಯಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತ ವೈದ್ಯರು 36. ಅವರಲ್ಲಿ ಸೇದದವನು ಒಬ್ಬನೂ ಇರಲಿಲ್ಲ. ಅಲ್ಲಿಗೆ ಅಧ್ಯಯನವನ್ನು ಮುಗಿಸಿ ಕೀರ್ತಿಯನ್ನು ಕಟ್ಟಿಕೊಂಡು ಹೋಗಬಹುದಾಗಿತ್ತು. ಹಿಲ್ ಮತ್ತು ಡಾಲ್ ಹಾಗೆ ಮಾಡಲಿಲ್ಲ. ಹಲವು ವರ್ಷಗಳಿಗೊಮ್ಮೆ ಅದೇ ವೈದ್ಯರಿಗೆ ಮತ್ತೆ ಕಾಗದ ಬರೆದರು. ಕಾಗದಕ್ಕೆ ಉತ್ತರಿಸುವವರು ಮುದುಕರಾದರು, ಬರೆಯುವವರೂ ಮುದುಕರಾದರು. ಹಿಲ್ 1991ರಲ್ಲಿ ತೀರಿಕೊಂಡರು. ಕೊನೆಯ ಪ್ರಶ್ನಪತ್ರ ಹೋದದ್ದು 2001ರಲ್ಲಿ. ಐವತ್ತು ವರ್ಷಗಳ ಲೆಕ್ಕವನ್ನು 2004ರಲ್ಲಿ ಪ್ರಕಟಿಸಿದಾಗ ಡಾಲ್ ಅವರಿಗೆ ತೊಂಬತ್ತು ದಾಟಿತ್ತು; ಮರುವರ್ಷ ಅವರೂ ಹೊರಟುಹೋದರು.

ಆ ಲೆಕ್ಕದಲ್ಲಿ ನಮ್ಮ ಅಜ್ಜನಿಗೂ ಉತ್ತರವಿದೆ. 1900 ಮತ್ತು 1930ರ ನಡುವೆ ಹುಟ್ಟಿದ ಆ ವೈದ್ಯರಲ್ಲಿ, ಮೂವತ್ತೈದು ವಯಸ್ಸು ಮುಟ್ಟಿದ ನೂರು ಮಂದಿಯನ್ನು ಗಣಿಸಿದರೆ, ಎಂದೂ ಸೇದದವರಲ್ಲಿ 81 ಮಂದಿ ಎಪ್ಪತ್ತನ್ನು ಕಂಡರು. ಬಿಡದೆ ಸೇದಿದವರಲ್ಲಿ ಕಂಡವರು 58. ಎಂಬತ್ತಕ್ಕೆ 59 ಮತ್ತು 26. ತೊಂಬತ್ತಕ್ಕೆ 24 ಮತ್ತು 4. ಆ ನಾಲ್ವರಲ್ಲಿ ಒಬ್ಬನು ನಮ್ಮ ಅಜ್ಜ. ಅವನು ಇದ್ದದ್ದು ನಿಜ, ಬೀಡಿ ಸೇದಿದ್ದೂ ನಿಜ. ಅವನ ಜೊತೆಯಲ್ಲಿ ಕಟ್ಟೆಯ ಮೇಲೆ ಕುಳಿತು ಸೇದುತ್ತಿದ್ದ ಉಳಿದವರು ಮೊದಲೇ ಹೋಗಿಬಿಟ್ಟಿದ್ದರಿಂದ ಅವರ ಪರವಾಗಿ ವಾದಿಸುವವರು ಯಾರೂ ಇಲ್ಲ, ಅಷ್ಟೆ. ಒಟ್ಟಿನಲ್ಲಿ ಬಿಡದೆ ಸೇದಿದವನು ಸರಾಸರಿ ಹತ್ತು ವರ್ಷಗಳ ಆಯುಸ್ಸನ್ನು ಕಳೆದುಕೊಂಡನೆಂದು ತಿಳಿದುಬಂದಿತು.

ಇದನ್ನೆಲ್ಲ ವಿರೋಧಿಸಿದವರು ದಡ್ಡರೇ ಆಗಿದ್ದರೆಂದು ತಿಳಿಯಬಾರದು. ಆಧುನಿಕ ಸಂಖ್ಯಾಶಾಸ್ತ್ರದ ಪಿತಾಮಹರಲ್ಲೊಬ್ಬರಾದ ರೊನಾಲ್ಡ್ ಫಿಷರ್, ಸ್ವತಃ ಪೈಪು ಸೇದುವವರು, 1957ರಿಂದ ಸಾಯುವವರೆಗೂ ಈ ವಾದವನ್ನು ಹಳಿದರು. ತಂಬಾಕು ತಯಾರಕರ ಸಂಸ್ಥೆಗೆ ಅವರು ಸಲಹೆಗಾರರೂ ಆಗಿದ್ದರು. ಒಂದೇ ಬಗೆಯ ಹುಟ್ಟುಗುಣ ಮನುಷ್ಯನಿಗೆ ಸೇದುವ ಚಪಲವನ್ನೂ ಕ್ಯಾನ್ಸರನ್ನೂ ಒಟ್ಟಿಗೆ ತರಬಹುದಲ್ಲವೆ ಎಂಬುದು ಅವರ ತರ್ಕ. ತರ್ಕ ಜಾಣತನದ್ದೆ. ಆದರೆ ಸೇದುವುದನ್ನು ಬಿಟ್ಟವರಲ್ಲಿ ರೋಗ ಇಳಿಯುತ್ತ ಬಂದಾಗ ಹುಟ್ಟುಗುಣದ ವಾದಕ್ಕೆ ನೆಲೆಯಿಲ್ಲವಾಯಿತು. ಬೀಡಿ ಬಿಟ್ಟ ಮಾತ್ರಕ್ಕೆ ಯಾರ ಹುಟ್ಟೂ ಬದಲಾಗುವುದಿಲ್ಲವಷ್ಟೆ!

ಇನ್ನು ಮೆಟ್ಟಿಲ ಮೇಲೆ ಏದುಸಿರು ಬಿಟ್ಟ ಗುಮಾಸ್ತನ ವಿಷಯ. ಸಾವಿಗೆ ಮುಂಚಿನ ಆ ಕಷ್ಟವನ್ನೂ ಲಂಡನಿನಲ್ಲಿಯೇ ಅಳೆದರು. ಚಾರ್ಲ್ಸ್ ಫ್ಲೆಚರ್ ಮತ್ತು ಅವರ ಸಂಗಡಿಗರು 792 ಮಂದಿ ದುಡಿಯುವ ಗಂಡಸರ ಉಸಿರಿನ ಬಲವನ್ನು 1961ರಿಂದ ಎಂಟು ವರ್ಷಗಳ ಕಾಲ ಮತ್ತೆ ಮತ್ತೆ ಅಳತೆ ಮಾಡಿದರು. ತಾರುಣ್ಯ ಕಳೆದ ಮೇಲೆ ಎಲ್ಲರ ಶ್ವಾಸಕೋಶದ ಶಕ್ತಿಯೂ ವರ್ಷವರ್ಷಕ್ಕೆ ಸ್ವಲ್ಪ ಸ್ವಲ್ಪ ಕುಗ್ಗುತ್ತದೆ. ಅದು ಪ್ರಕೃತಿಯ ನಿಯಮ. ಹೊಗೆಯನ್ನು ತಾಳದ ದೇಹದವರಲ್ಲಿ ಮಾತ್ರ ಆ ಕುಗ್ಗುವಿಕೆ ಎರಡರಷ್ಟೋ ಇನ್ನೂ ಹೆಚ್ಚೋ ಆಗುತ್ತದೆ. ಗಾಳಿಯ ಪುಟ್ಟ ಚೀಲಗಳ ಗೋಡೆಗಳು ಹರಿದು ಒಂದರೊಳಗೊಂದು ಸೇರಿಹೋಗುತ್ತವೆ. ಹರಿದದ್ದು ಮತ್ತೆ ಹೊಲಿಯಲ್ಪಡುವುದಿಲ್ಲ. ಮೊದಲ ಇಪ್ಪತ್ತು ವರ್ಷ ಮನುಷ್ಯನಿಗೆ ಏನೂ ತಿಳಿಯದು, ಏಕೆಂದರೆ ದಿನದ ಬಾಳಿಗೆ ಬೇಕಾದುದಕ್ಕಿಂತ ಹೆಚ್ಚಿನ ಉಸಿರನ್ನು ದೇವರು ನಮಗೆ ಕೊಟ್ಟಿದ್ದಾನೆ. ಆ ಉಳಿತಾಯ ಕರಗಿದ ಮೇಲೆ ಬೆಟ್ಟದ ಮೆಟ್ಟಿಲಿನಲ್ಲಿ ಗುಟ್ಟು ರಟ್ಟಾಗುತ್ತದೆ. ಸೇದುವುದನ್ನು ಬಿಟ್ಟರೆ ಕಳೆದುಹೋದ ಶಕ್ತಿ ಮರಳದಿದ್ದರೂ, ಮುಂದಿನ ನಷ್ಟ ಸೇದದವನ ನಷ್ಟದಷ್ಟಕ್ಕೇ ಬಂದು ನಿಲ್ಲುತ್ತದೆಂಬುದು ಫ್ಲೆಚರ್ ಅವರ ಅಳತೆಯಿಂದ ಸ್ಥಿರಪಟ್ಟಿತು.

ನಮ್ಮ ಬಾಯಿ, ನಮ್ಮ ರಾಗಿ

ಲಂಡನಿನ ಲೆಕ್ಕ ಸಿಗರೇಟಿನ ಲೆಕ್ಕ. ನಮ್ಮ ಮನೆಗಳಲ್ಲಿ ಸಿಗರೇಟು ಸೇದುವ ಹೆಂಗಸರನ್ನು ಕಾಣುವುದು ಅಪರೂಪ. ಆದರೆ ಕಡ್ಡಿಪುಡಿಯ ಪೊಟ್ಟಣವನ್ನು ಬಲ್ಲ ಅಜ್ಜಿಯರು ಬೀದಿಗೆ ಹಲವರು. ಹಾಗಿದ್ದಲ್ಲಿ ನಮ್ಮ ಲೆಕ್ಕವನ್ನು ಬರೆದವರಾರು?

ಬಹಳ ಹಿಂದೆಯೇ ಆರಂಭಿಸಿದ್ದರು. ತಿರುವಾಂಕೂರು ಸಂಸ್ಥಾನದ ನೆಯ್ಯೂರಿನಲ್ಲಿದ್ದ ಡಾಕ್ಟರ್ ಓರ್ ಎಂಬವರು ತಾಂಬೂಲ ಅಗಿಯುವವರ ಬಾಯಿಯ ಕ್ಯಾನ್ಸರನ್ನು ಕುರಿತು 1933ರಲ್ಲಿಯೇ ಬರೆದಿದ್ದಾರೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ವಿ. ಆರ್. ಖಾನೋಲ್ಕರ್ ಮತ್ತು ಅವರ ಜೊತೆಗಾರರು 1955ರಲ್ಲಿ ಪ್ರಕಟಿಸಿದ ಅಧ್ಯಯನ ಸೇದುವವರನ್ನೂ ಅಗಿಯುವವರನ್ನೂ ಬೇರ್ಪಡಿಸಿ ನೋಡಿತು. ಅಗಿಯುವವರಿಗೆ ಕೆನ್ನೆಯ ಒಳಭಾಗವೇ ಮೊದಲಾದ ಬಾಯಿಯ ಕಡೆಗಳಲ್ಲಿ, ಬೀಡಿ ಸೇದುವವರಿಗೆ ನಾಲಗೆಯ ಬುಡ ಮತ್ತು ಗಂಟಲಿನಲ್ಲಿ ರೋಗ ಹೆಚ್ಚು. ಸೊಪ್ಪು ಎಲ್ಲಿ ತಂಗುತ್ತದೆಯೋ ಹೊಗೆ ಎಲ್ಲಿ ಬಡಿಯುತ್ತದೆಯೋ ಅಲ್ಲಿಯೇ ಗಾಯ. ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇರೆ ಬೇಕೆ?

ಆಮೇಲಿನದು ಇನ್ನೂ ಸ್ವಾರಸ್ಯದ್ದು. ಪರಮಾಣು ವಿಜ್ಞಾನಕ್ಕೆ ಹೆಸರಾದ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ದಂತ ಸಂಶೋಧನೆಯ ಚಿಕ್ಕದೊಂದು ವಿಭಾಗವಿತ್ತು. ಅದರ ಫಾಲಿ ಮೆಹ್ತಾ, ಡೆನ್ಮಾರ್ಕಿನ ಯೆನ್ಸ್ ಪಿಂಡ್‌ಬೋರ್ಗ್ ಮೊದಲಾದವರು 1966ರಿಂದ ಎರ್ನಾಕುಳಂ, ಶ್ರೀಕಾಕುಳಂ, ಭಾವನಗರ, ದರ್ಭಾಂಗ, ಸಿಂಗಭೂಮ್ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಐವತ್ತು ಸಾವಿರಕ್ಕೂ ಮೀರಿದ ಜನರ ಬಾಯಿಯನ್ನು ತೆರೆಸಿ ನೋಡಿದರು. ಶ್ರೀಕಾಕುಳದಲ್ಲಿ ಚುಟ್ಟದ ಉರಿಯುವ ತುದಿಯನ್ನೇ ಬಾಯೊಳಗಿಟ್ಟುಕೊಂಡು ಸೇದುವ ಹೆಂಗಸರನ್ನು ಕಂಡರು! ಮುಂದೆ ಮೂರು ಜಿಲ್ಲೆಗಳಲ್ಲಿ ಹತ್ತು ವರ್ಷ ಅದೇ ಜನರನ್ನು ಹಿಂಬಾಲಿಸಿದಾಗ, ಬಾಯಿಯ ಕ್ಯಾನ್ಸರು ಹೇಳದೆ ಕೇಳದೆ ಬರುವುದಿಲ್ಲ, ಬಿಳಿಯ ಇಲ್ಲವೆ ಕೆಂಪು ಮಚ್ಚೆಯಾಗಿ ಮೊದಲು ಸೂಚನೆ ಕೊಡುತ್ತದೆ ಎಂಬುದು ಖಚಿತವಾಯಿತು. ಆಮೇಲೆ ತಂಬಾಕು ಬಳಸುವ 36,000 ಮಂದಿಗೆ ತಿಳಿಯಹೇಳುವ ಕೆಲಸವನ್ನೇ ಒಂದು ಪ್ರಯೋಗವಾಗಿ ನಡೆಸಿ, ಬಿಟ್ಟವರಲ್ಲಿ ಆ ಮಚ್ಚೆಗಳು ಕಡಮೆಯಾಗುವುದನ್ನು ತೋರಿಸಿದರು.

ಕನ್ನಡ ನಾಡಿನ ಪುಸ್ತಕ ತೆರೆದದ್ದು 1982ರಲ್ಲಿ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಿಂದ ಕೆಲಸ ಮಾಡುತ್ತಿದ್ದಿತು. ನಗರದಲ್ಲಿ ಕ್ಯಾನ್ಸರ್ ತಗುಲಿದ ಪ್ರತಿಯೊಬ್ಬರನ್ನೂ ನಮೂದಿಸುವ ರಿಜಿಸ್ಟರು ಆ ವರ್ಷದ ಜನವರಿಯಿಂದ ಅಲ್ಲಿ ಆರಂಭವಾಯಿತು. ಆಸ್ಪತ್ರೆಗಳನ್ನು ಅಲೆದು, ಕಡತಗಳನ್ನು ತಿರುವಿ, ಮರಣದ ದಾಖಲೆಗಳನ್ನು ಹೋಲಿಸಿ ಬರೆಯುವ ಈ ಕೆಲಸದಲ್ಲಿ ಶಸ್ತ್ರಚಿಕಿತ್ಸಕನಿಗೆ ಸಿಗುವ ಹೊಗಳಿಕೆ ಸಿಗದು. ಆದರೆ ಆ ರಿಜಿಸ್ಟರಿನಿಂದಲೇ ಡಾಕ್ಟರ್ ಎ. ನಂದಕುಮಾರ್ ಮತ್ತು ಸಂಗಡಿಗರು ಬಾಯಿಯ ಕ್ಯಾನ್ಸರಿನ 348 ಮಂದಿಯನ್ನು ಆರಿಸಿ, ಅವರದೇ ಬಡಾವಣೆಯ, ಅವರದೇ ವಯಸ್ಸಿನ ಆರೋಗ್ಯವಂತರೊಡನೆ ಹೋಲಿಸಿ 1990ರಲ್ಲಿ ಪ್ರಕಟಿಸಿದ ಲೇಖನವನ್ನು ನಮ್ಮ ಪ್ರತಿಯೊಂದು ಮನೆಯಲ್ಲಿಯೂ ಒಮ್ಮೆ ಓದಿ ಹೇಳಬೇಕು. ಹೊಗೆಸೊಪ್ಪಿನೊಡನೆ ಎಲೆಯಡಿಕೆ ಅಗಿಯುವ ಹೆಂಗಸಿಗೆ ಬಾಯಿಯ ಕ್ಯಾನ್ಸರಿನ ಸಂಭವ, ಅಗಿಯದವಳಿಗಿಂತ ಇಪ್ಪತ್ತೈದರಷ್ಟು ಹೆಚ್ಚು. ಗಂಡಸರಲ್ಲಿಯೂ ಹೆಚ್ಚೇ, ಆದರೆ ಹೆಂಗಸರಷ್ಟಿಲ್ಲ. ಎಷ್ಟು ವರ್ಷ, ದಿನಕ್ಕೆ ಎಷ್ಟು ಸಲ, ಪ್ರತಿಸಲ ಎಷ್ಟು ಹೊತ್ತು ಬಾಯಲ್ಲಿರಿಸಿಕೊಂಡರು ಎಂಬುದನ್ನು ಅನುಸರಿಸಿ ಅಪಾಯವೂ ಏರುತ್ತ ಹೋಯಿತು.

ಅದೇ ಲೇಖನದಲ್ಲಿ ಅರಸೀಕೆರೆ ಸೀಮೆಯವರು ಹುಬ್ಬೇರಿಸಬಹುದಾದ ಒಂದು ಮಾತೂ ಇದೆ. ರಾಗಿ ಉಣ್ಣುವವರಲ್ಲಿ ಈ ರೋಗ ಉಣ್ಣದವರಿಗಿಂತ ಹೆಚ್ಚಾಗಿ ಕಂಡುಬಂದಿತು. ಹಾಗೆಂದು ಮುದ್ದೆಯ ಮೇಲೆ ತಪ್ಪು ಹೊರಿಸಿ ಹೊಗೆಸೊಪ್ಪನ್ನು ಮುಂದುವರಿಸುವವರಿಗೆ ಇದು ಸನದಲ್ಲ.

ಸುಣ್ಣದ ಪಾತ್ರವನ್ನು ಇಲ್ಲಿ ಹೇಳಬೇಕು. ಹೊಗೆಸೊಪ್ಪಿನ ನಿಕೊಟೀನ್ ಬಾಯಿಯ ತೆಳುಪೊರೆಯ ಮೂಲಕ ರಕ್ತಕ್ಕೆ ಇಳಿಯಬೇಕಾದರೆ ಕ್ಷಾರ ಬೇಕು. ಸುಣ್ಣ ಅದನ್ನು ಒದಗಿಸುತ್ತದೆ. ನಮ್ಮ ಅಜ್ಜಿಯರಿಗೆ ರಸಾಯನಶಾಸ್ತ್ರ ತಿಳಿಯದಿದ್ದರೂ ಸುಣ್ಣ ಕಡಮೆಯಾದರೆ ‘ಏರಲಿಲ್ಲ’ ಎನ್ನುವುದನ್ನು ಬಲ್ಲರು. ಸೊಪ್ಪನ್ನು ಹದ ಮಾಡುವಾಗ ಹುಟ್ಟುವ ನೈಟ್ರೊಸಮೀನುಗಳೆಂಬ ವಿಷವಸ್ತುಗಳೇ ಕ್ಯಾನ್ಸರಿಗೆ ಮುಖ್ಯ ಕಾರಣ. ಅಡಿಕೆಯೂ ನಿರಪರಾಧಿಯಲ್ಲ, ತಂಬಾಕಿಲ್ಲದೆ ಅಗಿದರೂ ಅದು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನ ವಿಭಾಗ 2004ರಲ್ಲಿ ಸಾರಿತು. ಅಡಿಕೆಯ ತೋಟವನ್ನೇ ನೆಚ್ಚಿದ ಸಂಸಾರಗಳು ಈ ಮಾತನ್ನು ಕೇಳಲು ಇಷ್ಟಪಡವು, ಅದು ಸಹಜ. ಆದರೂ ಅದೇ ವಿಭಾಗದವರು 2022ನೆಯ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 1,20,000 ಮಂದಿಗೆ ಬಾಯಿಯ ಕ್ಯಾನ್ಸರು ಬಂದದ್ದು ಅಗಿಯುವ ತಂಬಾಕು ಮತ್ತು ಅಡಿಕೆಯಿಂದಲೆಂದು ಲೆಕ್ಕ ಹಾಕಿದ್ದಾರೆ. ಅವರಲ್ಲಿ ಬಹುಪಾಲು ನಮ್ಮ ದೇಶದವರೇ.

ಬೀಡಿಯ ವಿಷಯವನ್ನು ಬೇಗ ಮುಗಿಸಬಹುದು. ಬೀಡಿ ಬಡವನದು, ಚಿಕ್ಕದು, ಎಲೆಯಲ್ಲಿ ಸುತ್ತಿದ್ದು, ಆದುದರಿಂದ ಸಿಗರೇಟಿಗಿಂತ ಸೌಮ್ಯವೆಂಬ ನಂಬಿಕೆಯೊಂದಿದೆ. ಮುಂಬಯಿಯಲ್ಲಿ ಮತದಾರರ ಪಟ್ಟಿ ಹಿಡಿದು ಸುಮಾರು ಒಂದು ಲಕ್ಷ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಪ್ರಕಾಶ್ ಗುಪ್ತ ಮತ್ತು ಸಂಗಡಿಗರ ಲೆಕ್ಕ 2005ರಲ್ಲಿ ಹೊರಬಂದಾಗ ಬೀಡಿಯೇ ಒಂದು ಕೈ ಮೇಲೆಂದು ತೋರಿತು. ಬೀಡಿಯ ಎಲೆಯಲ್ಲಿ ಗಾಳಿಯಾಡದು. ಅದು ಆರದಂತೆ ಇರಿಸಲು ಜೋರಾಗಿ, ಮತ್ತೆ ಮತ್ತೆ ಎಳೆಯಬೇಕು. ಪ್ರಭಾತ್ ಝಾ ಮೊದಲಾದವರು ದೇಶದ ಹನ್ನೊಂದು ಲಕ್ಷ ಮನೆಗಳಲ್ಲಿ ಸಾವಿನ ಕಾರಣಗಳನ್ನು ವಿಚಾರಿಸಿ 2008ರಲ್ಲಿ ಹೇಳಿದ್ದು: ದಿನಕ್ಕೆ ಏಳರೊಳಗೆ ಬೀಡಿ ಸೇದುವವನಿಗೂ ಸಾವಿನ ಸಂಭವ ಕಾಲುಭಾಗ ಹೆಚ್ಚು, ಬೀಡಿ ಸೇದುವ ಗಂಡಸು ಸುಮಾರು ಆರು ವರ್ಷ, ಹೆಂಗಸು ಎಂಟು ವರ್ಷ, ಸಿಗರೇಟು ಸೇದುವ ಗಂಡಸು ಹತ್ತು ವರ್ಷ ಆಯುಸ್ಸನ್ನು ಕಳೆದುಕೊಳ್ಳುತ್ತಾರೆ. ನಮ್ಮಲ್ಲಿ ಇನ್ನೊಂದು ಕೇಡೂ ಸೇರಿಕೊಂಡಿದೆ. ಚೆನ್ನೈಯ ಡಾಕ್ಟರ್ ಗಜಲಕ್ಷ್ಮಿಯವರು 43,000 ಗಂಡಸರ ಸಾವುಗಳನ್ನು ಪರಿಶೀಲಿಸಿ 2003ರಲ್ಲಿ ತೋರಿಸಿದಂತೆ, ಭಾರತದ ಗಂಡಸರ ಕ್ಷಯದ ಸಾವುಗಳಲ್ಲಿ ಅರ್ಧದಷ್ಟಕ್ಕೆ ಹೊಗೆಯೇ ಹೊಣೆ.

‘ಸೇದುವುದು ಅವರು, ನನಗೇನು?’ ಎಂದು ಸುಮ್ಮನಿರುವ ಗೃಹಿಣಿಗೂ ಒಂದು ಮಾತಿದೆ. ಜಪಾನಿನ ತಾಕೇಶಿ ಹಿರಾಯಾಮ ತಾವು ಸೇದದ 91,540 ಹೆಂಗಸರನ್ನು ಹದಿನಾಲ್ಕು ವರ್ಷ ಗಮನಿಸಿದರು. ಗಂಡ ಹೆಚ್ಚು ಸೇದಿದಂತೆಲ್ಲ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರು ಹೆಚ್ಚಿತು. 1981ರಲ್ಲಿ ಇದು ಅಚ್ಚಾದಾಗ ಸಿಗರೇಟು ಕಂಪೆನಿಗಳು ಹೌಹಾರಿ ಹೋದವು. ಪಡಸಾಲೆಯಲ್ಲಿ ಸೇದಿದ ಹೊಗೆ ಅಡಿಗೆಮನೆಗೆ ಹೋಗದೆಂದು ಯಾರೂ ಬೇಲಿ ಹಾಕಿಲ್ಲ.

ಬಿಡುವವರ ಲೆಕ್ಕ

ಸರ್ಕಾರ ಏನು ಮಾಡಿದೆ? ಮಾಡಿಲ್ಲವೆನ್ನುವಂತಿಲ್ಲ. 2003ರ ಕಾನೂನು, 2008ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧ, 2013ರಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧ. ಗುಟ್ಕಾ ನಿಂತ ಮರುಗಳಿಗೆಯಲ್ಲಿಯೇ ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಅದೇ ಅಂಗಡಿಯ ಅದೇ ದಾರಕ್ಕೆ ತೂಗಿಬಿದ್ದದ್ದನ್ನೂ ನಾವು ನೋಡಿದ್ದೇವೆ. ಬೆರೆಸುವ ಕೆಲಸ ಗಿರಾಕಿಯ ಅಂಗೈಗೆ ಬಂದಿತು, ಅಷ್ಟೆ. ನಮ್ಮ ಹಾಸನ ಜಿಲ್ಲೆಯ ಅರಕಲಗೂಡು ಸೀಮೆಯಲ್ಲಿಯೇ ತಂಬಾಕನ್ನು ಬೆಳೆಯುತ್ತಾರೆ, ರಾಮನಾಥಪುರದಲ್ಲಿ ಹರಾಜಾಗುತ್ತದೆ. ಬೆಳೆಯುವ ರೈತನನ್ನು ಬಯ್ಯುವುದು ಸುಲಭ, ಅಷ್ಟೇ ಆದಾಯದ ಬೇರೊಂದು ಬೆಳೆಯನ್ನು ಅವನ ಕೈಗೆ ಕೊಡುವುದು ಕಷ್ಟ. ಇಷ್ಟೆಲ್ಲದರ ನಡುವೆಯೂ ಕರ್ನಾಟಕದ ವಯಸ್ಕರಲ್ಲಿ ತಂಬಾಕು ಬಳಸುವವರು 2009–10ರಲ್ಲಿ ನೂರಕ್ಕೆ 28 ಇದ್ದದ್ದು 2016–17ರ ಸಮೀಕ್ಷೆಯಲ್ಲಿ 23ರ ಸಮೀಪಕ್ಕೆ ಇಳಿಯಿತು. ಜನ ಬಿಡಬಲ್ಲರೆಂಬುದಕ್ಕೆ ಇದೇ ನಿದರ್ಶನ.

‘ಇಷ್ಟು ವಯಸ್ಸಾಯಿತು, ಇನ್ನು ಬಿಟ್ಟು ಏನು ಪ್ರಯೋಜನ?’ ಎಂಬ ಮಾತಿಗೆ ಮತ್ತೆ ಆ ವೈದ್ಯರ ಲೆಕ್ಕವನ್ನೇ ತೆರೆಯಬೇಕು. ಮೂವತ್ತರಲ್ಲಿ ಬಿಟ್ಟವರು ಕಳೆಯಬೇಕಾಗಿದ್ದ ಹತ್ತು ವರ್ಷಗಳನ್ನೂ ಉಳಿಸಿಕೊಂಡರು. ನಲವತ್ತರಲ್ಲಿ ಬಿಟ್ಟವರು ಒಂಬತ್ತು, ಐವತ್ತರಲ್ಲಿ ಬಿಟ್ಟವರು ಆರು. ಅರವತ್ತರಲ್ಲಿ ಬಿಟ್ಟವರಿಗೂ ಮೂರು ವರ್ಷ ದಕ್ಕಿತು. ಮೂರು ವರ್ಷವೆಂದರೆ ಒಂದು ಮೊಮ್ಮಗು ಹುಟ್ಟಿ, ನಡೆದು, ಮಾತಾಡುವಷ್ಟು ಕಾಲ.

ಬಿಡುವುದು ಸುಲಭವೆಂದು ಹೇಳುವವನು ಬಹುಶಃ ಎಂದೂ ಹಿಡಿಯದವನು. ನಿಕೊಟೀನ್ ಹೊಗೆಯ ಮೂಲಕ ಕೆಲವೇ ಕ್ಷಣಗಳಲ್ಲಿ ಮೆದುಳನ್ನು ಮುಟ್ಟುತ್ತದೆ. ಅದಿಲ್ಲದ ಮೊದಲ ಕೆಲವು ದಿನ ಸಿಡುಕು, ತಳಮಳ, ನಿದ್ರೆಗೇಡು ತಪ್ಪದು. ಆ ದಿನಗಳಲ್ಲಿ ಮನೆಯವರ ಹಂಗಿಸುವ ನುಡಿಗಿಂತ ತಾಳ್ಮೆ ಹೆಚ್ಚು ಕೆಲಸ ಮಾಡುತ್ತದೆ. ಅತ್ತೆಯ ಸಂಚಿಯನ್ನು ಬಚ್ಚಿಟ್ಟು ಜಗಳ ತೆಗೆದ ಸೊಸೆಯಂದಿರು ಗೆದ್ದದ್ದನ್ನು ನಾನು ಕಾಣೆ. ‘ಅತ್ತೆ, ಎಲೆ ಹಾಕಿಕೊಳ್ಳಿ, ಸೊಪ್ಪೊಂದನ್ನು ಬಿಟ್ಟುಬಿಡಿ’ ಎಂದು ಮೊದಲ ಹೆಜ್ಜೆಯನ್ನಾದರೂ ಇಡಿಸಿದವರನ್ನು ಬಲ್ಲೆ. ನೆರವು ಬೇಕಾದವರಿಗೆ 1800-11-2356 ಎಂಬ ರಾಷ್ಟ್ರೀಯ ದೂರವಾಣಿ ಸಂಖ್ಯೆಯಿದೆ, ಹಣ ಕೊಡಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಅದರ ಮೂಲಕ ಕನ್ನಡದಲ್ಲಿಯೂ ಮಾತಾಡಿ ಧೈರ್ಯ ಹೇಳುತ್ತಾರೆ.

ಬಿಡಲಾರದವರು ಮಾಡಬಹುದಾದ, ಮಾಡಲೇಬೇಕಾದ ಒಂದು ಕೆಲಸವಿದೆ. ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ಸುಮಾರು 1,90,000 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ ವೈದ್ಯರಲ್ಲದ, ಆದರೆ ತರಬೇತಿ ಪಡೆದ ಕಾರ್ಯಕರ್ತರು ಮೂರು ವರ್ಷಗಳಿಗೊಮ್ಮೆ ಕೆಲವು ಪಂಚಾಯತಿಗಳ ಜನರ ಬಾಯಿಯೊಳಗನ್ನು ಬೆಳಕಿನಲ್ಲಿ ಬರಿಗಣ್ಣಿನಿಂದ ನೋಡುತ್ತ ಬಂದರು. ತಂಬಾಕನ್ನೋ ಮದ್ಯವನ್ನೋ ಬಳಸುತ್ತಿದ್ದವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು, ಹಾಗೆ ನೋಡದಿದ್ದ ಪಂಚಾಯತಿಗಳಿಗೆ ಹೋಲಿಸಿದರೆ, ಮೂರನೆಯ ಒಂದು ಭಾಗದಷ್ಟು ಇಳಿಯಿತು. ಬೇಕಾದದ್ದು ಹಗಲಿನ ಬೆಳಕು, ಒಂದು ಕನ್ನಡಿ, ತೊಳೆದ ಬೆರಳು. ತುಟಿಯನ್ನು ಮಗುಚಿ ನೋಡಬೇಕು. ಎರಡೂ ಕೆನ್ನೆಗಳ ಒಳಭಾಗವನ್ನು, ಮುಖ್ಯವಾಗಿ ಸೊಪ್ಪನ್ನು ಒತ್ತರಿಸುವ ಮಗ್ಗುಲನ್ನು ನೋಡಬೇಕು. ನಾಲಗೆಯನ್ನು ಎತ್ತಿ ಅದರ ಅಡಿಯನ್ನೂ ಅಂಚುಗಳನ್ನೂ ನೋಡಬೇಕು. ಒರೆಸಿದರೂ ಹೋಗದ ಬಿಳಿಯ ಮಚ್ಚೆ, ಮಖಮಲ್ಲಿನಂಥ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು, ಬಾಯಿ ಮೊದಲಿನಷ್ಟು ಅಗಲವಾಗಿ ತೆರೆಯದಿರುವುದು — ಇವುಗಳಲ್ಲಿ ಒಂದಿದ್ದರೂ, ನೋವಿಲ್ಲವೆಂದು ಸುಮ್ಮನಿರದೆ, ಅದೇ ವಾರ ದಂತವೈದ್ಯರಿಗೋ ಜಿಲ್ಲಾ ಆಸ್ಪತ್ರೆಗೋ ತೋರಿಸತಕ್ಕದ್ದು. ಈ ಮಚ್ಚೆಗಳು ಆರಂಭದಲ್ಲಿ ನೋಯುವುದಿಲ್ಲ.